ಮೊದಲ ನೀರಿನ ನಿಯಮ

ಒಂದು ಲೋಟ ನೀರಿನಿಂದ ಅಣ್ಣ ಚುನಾವಣೆ ಸೋತರು ಎಂದು ಹೊಳೆನರಸೀಪುರದ ಕಡೆ ಈಗಲೂ ಹೇಳುತ್ತಾರೆ. ಹಾಗೆ ಹೇಳುವವರು ಆ ನೀರನ್ನು ಕಂಡವರಲ್ಲ. ಬಸ್ಸಿನಲ್ಲಿ, ಕೋರ್ಟಿನ ಕ್ಯಾಂಟೀನಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ನಾನು ಈ ಕತೆಯನ್ನು ಕೇಳಿದ್ದೇನೆ. ಒಬ್ಬರು ಸ್ಟೀಲಿನ ಲೋಟ ಎನ್ನುತ್ತಾರೆ, ಇನ್ನೊಬ್ಬರು ತೆಂಗಿನ ಚಿಪ್ಪು ಎನ್ನುತ್ತಾರೆ. ಅದು ಹಿತ್ತಾಳೆಯ ಚೊಂಬು. ಅಣ್ಣ ದಲಿತರ ಕೇರಿಯ ನೀರು ಕುಡಿದರು, ಊರವರು ಮುನಿಸಿಕೊಂಡರು, ಸೋತರು: ಇಷ್ಟೇ ಅವರ ಕತೆ. ಸಂಘದ ನನ್ನ ಹಳೆಯ ಗೆಳೆಯರ ಕತೆ ಇದರ ತಲೆಕೆಳಗು. ಅಣ್ಣ ಓಟಿನ ಆಸೆಗೆ ಕೇರಿಗೆ ಹೋಗುವುದನ್ನು ತಪ್ಪಿಸಿಕೊಂಡರು, ಅವತ್ತೇ ಸಂಘ ಸತ್ತಿತು ಎಂದು ಅವರು ಹೇಳುತ್ತಾರೆ.

ಒಂದೇ ಘಟನೆಯಿಂದ ಎರಡು ವಿರುದ್ಧ ತೀರ್ಮಾನ ಹೊರಡುತ್ತಿದ್ದರೆ ಎಲ್ಲೋ ಸಾಕ್ಷ್ಯ ಸಾಲದು ಎಂದರ್ಥ. ಚರ್ಚಾಸ್ಪರ್ಧೆಗಳಲ್ಲಿ ನಾನು ಮೊದಲು ಕಲಿತ ಪಾಠ ಅದು. ಆದರೆ ಅವತ್ತು ನಾನೇ ಅಲ್ಲಿದ್ದೆ, ಆ ಚೊಂಬಿನಿಂದ ಐದಾರು ಅಡಿ ದೂರದಲ್ಲಿ. ಸಾಕ್ಷ್ಯ ಬೇಕಿದ್ದರೆ ಅದು ನನ್ನ ಹತ್ತಿರವೇ ಇರಬೇಕಿತ್ತು. ಇಷ್ಟು ವರ್ಷಗಳಾದರೂ ಹುಡುಕುತ್ತಿದ್ದೇನೆ.

ನಾನು ಚನ್ನರಾಯಪಟ್ಟಣದವಳು. ನಮ್ಮ ತಂದೆ ಹೈಸ್ಕೂಲಿನಲ್ಲಿ ಮೇಷ್ಟ್ರು, ದೊಡ್ಡಪ್ಪ ದೇವಸ್ಥಾನದ ಅರ್ಚಕರು. ಮನೆಯಲ್ಲಿ ಮಾತಿಗೆ ಬರವಿರಲಿಲ್ಲ, ಎದುರು ಮಾತಿಗೆ ಮಾತ್ರ ಇತ್ತು. ಆ ಬರವನ್ನು ನಾನು ಹಾಸನದ ಕಾಲೇಜಿಗೆ ಸೇರಿದ ಮೇಲೆ ನೀಗಿಸಿಕೊಂಡೆ. ಚರ್ಚಾಸ್ಪರ್ಧೆಗಳಲ್ಲಿ ಚೀಟಿ ಎತ್ತಿಸುತ್ತಿದ್ದರು. ‘ಪರ’ ಬಂದರೆ ಪರ, ‘ವಿರೋಧ’ ಬಂದರೆ ವಿರೋಧ. ಯಾವುದು ಬಂದರೂ ಬಹುಮಾನ ತರುವುದು ನನ್ನ ಅಭ್ಯಾಸವಾಗಿತ್ತು.

ತೊಂಬತ್ತರ ದಶಕದ ನಡುವೆ ಹೊಳೆನರಸೀಪುರದಲ್ಲಿ ನಡೆದ ಒಂದು ಸ್ಪರ್ಧೆಯಲ್ಲಿ ವಿಷಯ, ಚುನಾವಣೆಯಿಂದ ಸಮಾಜ ಬದಲಾಗುತ್ತದೆಯೇ ಎಂಬುದು. ನನಗೆ ‘ಪರ’ ಬಂತು, ಗೆದ್ದೆ. ತೀರ್ಪುಗಾರರಲ್ಲಿ ಒಬ್ಬರು ದೊಗಲೆ ಜುಬ್ಬದ, ಕುರುಚಲು ಗಡ್ಡದ ನಡುವಯಸ್ಸಿನ ಮನುಷ್ಯ. ಮುಗಿದ ಮೇಲೆ ಹತ್ತಿರ ಬಂದು, ವಿರೋಧದ ಚೀಟಿ ಬಂದಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದರು. ಅದನ್ನೂ ಗೆಲ್ಲುತ್ತಿದ್ದೆ ಎಂದೆ.

“ಅಂಗಾದ್ರೆ ಇದ್ರ ಬಗ್ಗೆ ನಿಂಗೇ ಏನೂ ಅನ್ಸಿಲ್ಲ ಅಂತಾಯ್ತು ಕಣಮ್ಮ,” ಎಂದು ನಕ್ಕು ಹೊರಟುಹೋದರು.

ಆ ಮಾತಿಗೆ ಉತ್ತರ ಕೊಡಲೆಂದೇ ಮುಂದಿನ ವಾರ ಅವರ ಸಂಘದ ಸಭೆಗೆ ಹೋದೆ. ಉತ್ತರ ಕೊಟ್ಟೆನೋ ಇಲ್ಲವೋ ನೆನಪಿಲ್ಲ, ನಾಲ್ಕು ವರ್ಷ ಅಲ್ಲೇ ಉಳಿದೆ.

ಅವರೇ ಅಣ್ಣ. ವಯಸ್ಸಿನಲ್ಲಿ ದೊಡ್ಡವರೂ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದರು. ಅರಕಲಗೂಡು ಕಡೆಯ ದೊಡ್ಡ ಜಮೀನಿನ ಮನೆಯವರು. ಮನೆಯಲ್ಲಿ ಹೊಗೆಸೊಪ್ಪು, ಆಲೂಗಡ್ಡೆ ಬೆಳೆಯುತ್ತಿದ್ದರು. ಸಂಘ ಓಡಾಡುತ್ತಿದ್ದ ಜೀಪು ಬಿತ್ತನೆಗಡ್ಡೆ ಸಾಗಿಸುವ ಅದೇ ಜೀಪು, ಅದರೊಳಗೆ ಯಾವಾಗಲೂ ಒದ್ದೆ ಮಣ್ಣಿನ ವಾಸನೆ. ಅಣ್ಣ ಹಾರ ಹಾಕಿಸಿಕೊಳ್ಳುತ್ತಿರಲಿಲ್ಲ, ಕಾಲು ಮುಟ್ಟಿಸಿಕೊಳ್ಳುತ್ತಿರಲಿಲ್ಲ, ವೇದಿಕೆ ಹತ್ತುತ್ತಿರಲಿಲ್ಲ. ಸಂಘ ಮಾಡುತ್ತಿದ್ದ ಕೆಲಸ ಕೂಲಿಯ ಜಗಳ, ಹೋಟೆಲುಗಳಲ್ಲಿ ದಲಿತರಿಗೆ ಬೇರೆ ಲೋಟ ಇಡುವುದರ ವಿರುದ್ಧ ಜಗಳ, ಮತ್ತು ಸರ್ಕಾರಿ ಗೋಮಾಳದಲ್ಲಿ ಉಳುತ್ತಿದ್ದ ಬಡವರಿಗೆ ಹಕ್ಕುಪತ್ರ ಕೊಡಿಸುವ ಜಗಳ.

ಜೊತೆಗೆ ಒಂದು ನಿಯಮವಿತ್ತು. ಜೀಪು ಯಾವ ಊರಿಗೆ ಹೋದರೂ ಊರೊಳಗೆ ನುಗ್ಗುವಂತಿಲ್ಲ. ಮೊದಲು ಕೇರಿಗೆ ಹೋಗಿ, ಅಲ್ಲಿ ಯಾರದಾದರೂ ಮನೆಯ ಜಗಲಿಯಲ್ಲಿ ಕೂತು ನೀರು ಕುಡಿದು, ಆಮೇಲೆ ಊರು. ಇದಕ್ಕೆ ನಾವು ‘ಮೊದಲ ನೀರು’ ಎನ್ನುತ್ತಿದ್ದೆವು. ಎಲ್ಲಿಯೂ ಬರೆದಿಟ್ಟಿದ್ದಲ್ಲ. ಯಾರು ಶುರುಮಾಡಿದರೆಂದೂ ಗೊತ್ತಿರಲಿಲ್ಲ. ಆದರೆ ಸಂಘಕ್ಕೆ ಹೊಸಬರು ಬಂದರೆ ಅವರನ್ನು ಅಳೆಯುವ ಸೇರು ಅದೇ: ಚೊಂಬು ಕೈಗೆ ಬಂದಾಗ ಮುಖ ಹೇಗಾಗುತ್ತದೆ ಎಂದು ಉಳಿದವರು ಓರೆಗಣ್ಣಿನಲ್ಲಿ ನೋಡುತ್ತಿದ್ದರು.

ನಾನು ಮೊದಲ ಸಲ ಕುಡಿದು ಬಂದ ದಿನ ಮನೆಯಲ್ಲಿ ಅದನ್ನು ಘೋಷಿಸಿದೆ. ವಾದಕ್ಕೆ ತಯಾರಾಗಿಯೇ ಹೋಗಿದ್ದೆ. ಅಜ್ಜಿ ವಾದಕ್ಕೆ ಇಳಿಯಲೇ ಇಲ್ಲ. ಬಚ್ಚಲಿಗೆ ಹೋಗುತ್ತಾ, “ಕುಡ್ದಿದ್ದು ಕುಡ್ದೆ, ಬಂದು ಯಾಕೆ ಹೇಳ್ದೆ? ಹೇಳ್ದೆ ಇದ್ದಿದ್ರೆ ಇಬ್ಬರಿಗೂ ಸ್ನಾನ ತಪ್ತಿತ್ತು,” ಎಂದರು. ನನಗೆ ಆಗ ಸಿಟ್ಟು ಬಂದಿತ್ತು. ಆಮೇಲೆ ರಾಜಕೀಯದವರ ಜೊತೆ ಓಡಾಡಿದಾಗ ತಿಳಿಯಿತು, ದೊಡ್ಡ ದೊಡ್ಡ ಪಕ್ಷಗಳ ತಂತ್ರವೂ ಅಜ್ಜಿಯ ತಂತ್ರಕ್ಕಿಂತ ಹೆಚ್ಚಿನದೇನಲ್ಲ. ಏನು ಬೇಕಾದರೂ ಮಾಡು, ಹೇಳಬೇಡ.

ಹೊಳೆನರಸೀಪುರಕ್ಕೂ ಅರಕಲಗೂಡಿಗೂ ನಡುವೆ ಒಂದು ಊರು. ಅಲ್ಲಿ ನಾವು ಯಾವಾಗಲೂ ಕೂರುತ್ತಿದ್ದುದು ಒಬ್ಬ ಅಕ್ಕನ ಜಗಲಿಯಲ್ಲಿ. ನಲವತ್ತರ ಆಸುಪಾಸು, ಗಂಡ ಇಲ್ಲ, ಕೂಲಿ. ಸಂಘದ ಮೆರವಣಿಗೆಯಲ್ಲಿ ಅವರ ಗಂಟಲು ಎಲ್ಲರಿಗಿಂತ ಮುಂದೆ. ನನ್ನನ್ನು ‘ಅಯ್ನೋರ ಮಗಳು’ ಎಂದು ರೇಗಿಸುತ್ತಿದ್ದರು. ನೀರು ಕೊಡುವಾಗ, “ಬಿಸಿ ಮಾಡ್ಕೊಡ್ಲೇನವ್ವ, ಒಟ್ಟೆಗೆ ಆಯ್ತದಾ?” ಎಂದು ಕೇಳುತ್ತಿದ್ದರು. ಕೇರಿಯ ಹಿಂದಿನ ಗೋಮಾಳದಲ್ಲಿ ಅವರು ಬಹಳ ವರ್ಷದಿಂದ ಒಂದು ಪಟ್ಟೆ ನೆಲ ಉಳುತ್ತಿದ್ದರು. ರಾಗಿ, ಅಂಚಿಗೆ ಅವರೆ. ಅದಕ್ಕೆ ಹಕ್ಕುಪತ್ರ ಕೊಡಿ ಎಂದು ಅರ್ಜಿ ಹಾಕಿದ್ದರು. ಅದೇ ಪಟ್ಟೆಗೆ ಊರಿನ ಪಟೇಲರ ತಮ್ಮನ ಮಗನೂ ಅರ್ಜಿ ಹಾಕಿದ್ದ. ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಸಮಿತಿಗೆ ಕ್ಷೇತ್ರದ ಶಾಸಕರೇ ಅಧ್ಯಕ್ಷರು. ಹಾಗಾಗಿ ಶಾಸಕ ಯಾರಾಗುತ್ತಾರೆ ಎಂಬುದು ಅಕ್ಕನಿಗೆ ರಾಜಕೀಯವಾಗಿರಲಿಲ್ಲ. ರಾಗಿಯಾಗಿತ್ತು.

ದಶಕದ ಕೊನೆಯಲ್ಲಿ ಸಂಘ ವಿಧಾನಸಭೆ ಚುನಾವಣೆಗೆ ಅಣ್ಣನನ್ನು ನಿಲ್ಲಿಸಲು ತೀರ್ಮಾನಿಸಿತು. ಅಲ್ಲಿಯವರೆಗೆ, ಓಟು ಕೇಳುವವರು ಊರು ಒಡೆಯುವವರು ಎಂದು ಗೋಡೆ ಮೇಲೆ ಬರೆದವರು ನಾವೇ. ಈಗ ಅದೇ ಗೋಡೆಗಳಿಗೆ ಸುಣ್ಣ ಬಳಿದು ನಮ್ಮ ಗುರುತು ಬರೆಯಬೇಕಾಯಿತು. ಹಕ್ಕುಪತ್ರದ ಕಡತ ಎಲ್ಲಿ ತಡೆದು ನಿಲ್ಲುತ್ತದೋ ಅಲ್ಲಿ ನಮ್ಮವರೊಬ್ಬರು ಕೂತಿರಬೇಕು ಎಂಬುದು ಅಣ್ಣನ ವಾದ. ಸರಿಯಾದ ವಾದವೇ. ತಪ್ಪು ಹುಡುಕಲು ನನಗೆ ಆಗಲೂ ಆಗಲಿಲ್ಲ, ಈಗಲೂ ಆಗುವುದಿಲ್ಲ.

ಹಾಸನದ ಬಸ್ ಸ್ಟ್ಯಾಂಡಿನ ಹಿಂದೆ, ದರ್ಜಿ ಅಂಗಡಿಯ ಮಹಡಿ ಮೇಲೆ ಸಂಘದ ಕೋಣೆ. ಪ್ರಚಾರ ಹೇಗೆ ಎಂದು ಮಾತಾಡಲು ಸೇರಿದ ದಿನ ಮೊದಲ ನೀರಿನ ಪ್ರಶ್ನೆ ಎದ್ದಿತು. ಎತ್ತಿದವರು ಸಂಘದಲ್ಲೇ ಇದ್ದ ಹಿರಿಯ ರೈತರೊಬ್ಬರು. ನಮ್ಮ ಜೊತೆ ಕೇರಿಯಲ್ಲಿ ಎಷ್ಟೋ ಸಲ ನೀರು ಕುಡಿದವರು.

“ಅಣ್ಣ ಕುಡೀಲಿ, ಬ್ಯಾಡ ಅನ್ನಕಿಲ್ಲ. ಮೊದ್ಲು ಊರೊಳಗೆ ಬಂದು, ಆಮ್ಯಾಕೆ ಅಲ್ಲಿಗೋಗಿ ಕುಡೀಲಿ. ಮುಂಚೆ ಆದ್ರೇನು, ಇಂದೆ ಆದ್ರೇನು, ನೀರು ನೀರೇ ಅಲ್ವಾ?”

ನಾನು ಎದ್ದೆ. ಮುಂಚೆ ಹಿಂದೆ ಒಂದೇ ಆಗಿದ್ದರೆ ಹಿಂದೆ ಹಾಕಬೇಕೆಂದು ತಮಗೆ ಯಾಕೆ ಅನ್ನಿಸಿತು ಎಂದು ಕೇಳಿದೆ. ಒಂದೇ ಅಲ್ಲ ಎಂದು ಊರಿಗೂ ಗೊತ್ತು, ಕೇರಿಗೂ ಗೊತ್ತು, ತಮಗೂ ಗೊತ್ತು. ಗೊತ್ತಿಲ್ಲದಂತೆ ಇರೋಣ ಎಂದು ತಾವು ಕೇಳುತ್ತಿದ್ದೀರಿ ಎಂದೆ. ಹುಡುಗರು ಚಪ್ಪಾಳೆ ತಟ್ಟಿದರು. ಹಿರಿಯರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, “ನಿನ್ ಕೂಡೆ ಮಾತಾಡಕ್ಕಾಯ್ತದಾ ತಾಯಿ,” ಎಂದು ಕೂತರು. ನಿಯಮ ಉಳಿಯಿತು. ಅಣ್ಣ ಚಪ್ಪಾಳೆಯನ್ನೂ ತಟ್ಟಲಿಲ್ಲ, ಬೇಡವೆಂದೂ ಹೇಳಲಿಲ್ಲ. ಕೆಳಗಿನಿಂದ ಟೀ ತರಿಸಿ ಎಂದರು.

ಅಷ್ಟಾದ ಸ್ವಲ್ಪ ದಿನಕ್ಕೆ ಒಂದು ಬೆಳಿಗ್ಗೆ ಅಕ್ಕ ಬಸ್ಸಿನಲ್ಲಿ ಹಾಸನಕ್ಕೆ ಬಂದರು. ಕೋಣೆಯಲ್ಲಿ ನಾನೊಬ್ಬಳೇ ಕರಪತ್ರ ಮಡಿಸುತ್ತಿದ್ದೆ. ಅವರೂ ಪಕ್ಕದಲ್ಲಿ ಕೂತು ಮಡಿಸತೊಡಗಿದರು. ಓದು ಬಾರದಿದ್ದರೂ ಅಣ್ಣನ ಚಿತ್ರ ಮೇಲೆ ಬರುವಂತೆ ನೀಟಾಗಿ ಮಡಿಸುತ್ತಿದ್ದರು. ಆಮೇಲೆ ತಲೆ ಎತ್ತದೆಯೇ ಹೇಳಿದರು.

“ಈ ಕಿತ ನಮ್ಮ ಕೇರಿಗೆ ಮೊದ್ಲು ಬರ್ಬ್ಯಾಡಿ ಅಂತ ಅಣ್ಣಂಗೆ ಯೋಳವ್ವ.”

ಯಾಕೆ ಎಂದೆ.

“ಬಂದ್ರೆ ಊರೋರು ಓಟು ಆಕಲ್ಲ. ಅವ್ರು ಆಕ್ದೆ ಇದ್ರೆ ಅಣ್ಣ ಗೆಲ್ಲಕಿಲ್ಲ. ಅಣ್ಣ ಗೆಲ್ದೆ ಇದ್ರೆ ನನ್ನ ಒಲ ಓಯ್ತದೆ.”

ಇಷ್ಟು ಅಡಕವಾದ ವಾದವನ್ನು ಯಾವ ಸ್ಪರ್ಧೆಯಲ್ಲೂ ನಾನು ಕೇಳಿರಲಿಲ್ಲ. ಆದರೂ ಬಿಡಲಿಲ್ಲ. ಒಂದು ಓಟಿಗಾಗಿ ನಿಯಮ ಬಿಟ್ಟರೆ ಗೆದ್ದ ಮೇಲೆ ಇನ್ನೊಂದಕ್ಕಾಗಿ ಇನ್ನೊಂದನ್ನು ಬಿಡಬೇಕಾಗುತ್ತದೆ, ಹಾಗೆ ಗೆದ್ದ ಅಣ್ಣ ನಿಮ್ಮ ಹೊಲಕ್ಕಾದರೂ ಯಾಕೆ ಜಗಳವಾಡುತ್ತಾರೆ ಎಂದೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಈ ನಿಯಮ ಯಾರಿಗೋಸ್ಕರ ಮಾಡಿದ್ದವ್ವ?”

ನಿಮಗೋಸ್ಕರ ಎಂದೆ.

“ಅಂಗಾರೆ ನಾನೇ ಬ್ಯಾಡ ಅಂತೀನಿ ಕಣವ್ವ. ಬುಟ್ಬುಡಿ.”

ನಿಮಗೊಬ್ಬರಿಗೇ ಅಲ್ಲ ಎಂದೆ. ಅದು ಎಲ್ಲರಿಗೂ ಸೇರಿದ್ದು, ನನಗೂ ಸೇರಿದ್ದು ಎಂದೆ.

“ಓ, ನಿಂಗೂ ಪಾಲೈತಾ? ನಂಗೊತ್ತಿರ್ನಿಲ್ಲ ಬುಡು,” ಎಂದು ನಕ್ಕರು. ಹೊರಡುವಾಗ, ತಾವು ಬಂದಿದ್ದು ತಮ್ಮ ಮೈದುನನಿಗೆ ತಿಳಿಯಬಾರದು ಎಂದರು.

ಆ ಮೈದುನ ಹಾಸನದಲ್ಲೇ ಗಾರೆ ಕೆಲಸ ಮಾಡುತ್ತಿದ್ದ. ನನ್ನ ವಯಸ್ಸಿನವನು, ಸಂಘದ ಹುಡುಗರಲ್ಲಿ ಅತಿ ಚುರುಕು. ಅಕ್ಕ ಬಂದುಹೋದ ಮಾರನೆಯ ಸಂಜೆಯೇ ಅವನು ಕೋಣೆಗೆ ಬಂದ. ಅಣ್ಣನ ಜೀಪು ಬರುವ ದಿನಕ್ಕೆಂದು ಕೇರಿಯ ಎಲ್ಲ ಮನೆಗಳ ಮುಂಗೋಡೆಗೂ ಸುಣ್ಣ ಹೊಡೆಸುತ್ತಿದ್ದೇನೆ ಎಂದ. ಊರ ದಾರಿ, ಕೇರಿ ದಾರಿ ಕವಲೊಡೆಯುವ ಜಾಗದಲ್ಲಿ ಜೀಪು ಎಲ್ಲರ ಕಣ್ಣೆದುರು ಕೇರಿ ಕಡೆ ತಿರುಗುವುದನ್ನು ಕೇರಿಯ ಹುಡುಗರು ಕಾಯುತ್ತಿದ್ದಾರಂತೆ. ಹೊಲದ ವಿಷಯ ಎತ್ತಿದರೆ ಕೈಬೀಸಿದ.

“ಒಲ ಬತ್ತದೆ, ಓಯ್ತದೆ. ಅದೊಂದಿನ ತಿರುಗ್ದೆ ಇದ್ರೆ ನಮ್ಮ ಉಡುಗ್ರು ಬೂತ್ ತಾವ ಸುಳಿಯಕಿಲ್ಲ. ಅಣ್ಣಂಗೆ ಯೋಳ್ಬುಡಿ.”

ಇಬ್ಬರೂ ಒಂದೇ ಮನೆಯವರು. ಒಬ್ಬರು ಬರಬೇಡಿ ಎನ್ನುತ್ತಾರೆ, ಇನ್ನೊಬ್ಬ ಬರದಿದ್ದರೆ ನೋಡಿ ಎನ್ನುತ್ತಾನೆ. ಕೇರಿಯ ಪರ ಎಂದು ಅಷ್ಟು ದಿನ ಮಾತಾಡುತ್ತಿದ್ದ ನನಗೆ ಕೇರಿ ಎಂದರೆ ಇವರಿಬ್ಬರಲ್ಲಿ ಯಾರು ಎಂದು ತಿಳಿಯದಾಯಿತು. ನಮ್ಮ ಭಾಷಣಗಳಲ್ಲಿ ಕೇರಿಗೆ ಯಾವಾಗಲೂ ಒಂದೇ ದನಿ ಇತ್ತು. ಆ ದನಿ ಬಹುಮಟ್ಟಿಗೆ ನನ್ನದೇ.

ಅಣ್ಣನಿಗೆ ಎರಡೂ ಮಾತು ತಲುಪಿಸಿದ್ದು ಹಿರೀಸಾವೆಯಲ್ಲಿ. ಬೆಂಗಳೂರಿನಿಂದ ನಮ್ಮ ಪರವಾಗಿ ಮಾತಾಡಲು ಬರಬೇಕಿದ್ದ ಒಬ್ಬರನ್ನು ಎದುರುಗೊಳ್ಳಲು ಹೋಗಿದ್ದೆವು. ಬಸ್ಸಿನ ಮೇಲೆ ಬಸ್ಸು ಬಂತು, ಅವರು ಬರಲಿಲ್ಲ. ರಸ್ತೆ ಬದಿಯ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಾ ಹೇಳಿದೆ. ಅಕ್ಕನದನ್ನು ಹೇಳಿದೆ, ಮೈದುನನದನ್ನು ಹೇಳಿದೆ, ಎರಡಕ್ಕೂ ಇರುವ ಆಧಾರಗಳನ್ನು ಹೇಳಿದೆ. ಅಣ್ಣ ಚಟ್ನಿಯನ್ನು ಇನ್ನೊಂದು ಸಲ ಹಾಕಿಸಿಕೊಂಡರು.

“ಇಲ್ಲಿ ತೀರ್ಪುಗಾರರು ಯಾರೂ ಇಲ್ಲ ಕಣಮ್ಮ. ನೀನೇನಂತೀಯ ಅದ ಯೋಳು.”

ನಾನು ಉಳಿದ ಇಡ್ಲಿಯನ್ನು ಮುರಿಯುತ್ತಾ ತಲೆ ಎತ್ತಿದೆ. ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಎದುರಾಳಿ ಪಕ್ಷದ ಪೋಸ್ಟರು ಇತ್ತು. ಆ ಅಭ್ಯರ್ಥಿ ಎಲ್ಲ ದೇವರಿಗೂ ಕೈಮುಗಿಯುವವರು, ಎಲ್ಲರ ಮನೆಯಲ್ಲೂ ಉಣ್ಣುವವರು, ಮೊದಲು ಯಾರ ಮನೆಗೆ ಹೋದಿರಿ ಎಂದು ಯಾರೂ ಕೇಳದ ಹಾಗೆ ಬದುಕಿದವರು. ಅವರನ್ನು ನೋಡಿ ನನಗೆ ಒಂದು ಕ್ಷಣ ಹೊಟ್ಟೆಕಿಚ್ಚಾಯಿತು.

ಕೈ ತೊಳೆದು ಜೀಪಿಗೆ ಹತ್ತುವಾಗ ಒಂದು ಮಾತು ಹುಟ್ಟಿತು. ಮೊದಲು ಕೇರಿಯ ನೀರು ಎಂದು ನಿಯಮ. ಅದನ್ನು ಎಲ್ಲಿ ಕೂತು ಕುಡಿಯಬೇಕೆಂದು ನಿಯಮದಲ್ಲಿ ಇಲ್ಲವಲ್ಲ ಎಂಬ ಮಾತು. ಇದು ಯಾರ ಬಾಯಿಂದ ಬಂತು ಎಂಬುದರ ಬಗ್ಗೆ ಈಗ ತಕರಾರಿದೆ. ಅಣ್ಣ ಅದು ನನ್ನದು ಎನ್ನುತ್ತಾರೆ. ಅದರ ಧಾಟಿ ನನ್ನದೇ ಹೌದು. ಆದರೆ ಹೇಳಿದವರು ಅವರು ಎಂದು ನನ್ನ ನೆನಪು. ನಾವಿಬ್ಬರೂ ಇದರಲ್ಲಿ ಸುಳ್ಳು ಹೇಳುತ್ತಿಲ್ಲ ಎಂದೇ ನಾನು ನಂಬಿದ್ದೇನೆ, ಅದು ಹೇಗೆ ಸಾಧ್ಯ ಎಂಬುದು ಮಾತ್ರ ಗೊತ್ತಿಲ್ಲ.

ಅಕ್ಕನ ಊರಿಗೆ ಪ್ರಚಾರಕ್ಕೆ ಹೋದ ದಿನ ಕವಲಿನಲ್ಲಿ ಜೀಪು ಊರಿನ ಕಡೆ ತಿರುಗಿತು. ಕೇರಿಯ ಬಾಯಲ್ಲಿ ಸುಣ್ಣದ ಗೋಡೆಗಳ ಮುಂದೆ ಹುಡುಗರು ನಿಂತಿದ್ದರು. ನಡುವೆ ಮೈದುನ. ನಾನು ಆ ಕಡೆ ನೋಡಲಿಲ್ಲ ಎಂದುಕೊಂಡಿದ್ದೆ, ಆದರೆ ಅವನು ಹಾಕಿದ್ದ ಇಸ್ತ್ರಿ ಅಂಗಿಯ ಬಣ್ಣ ಈಗಲೂ ನೆನಪಿದೆ, ಆದ್ದರಿಂದ ನೋಡಿರಲೇಬೇಕು.

ಅರಳಿಕಟ್ಟೆಯ ಮುಂದೆ ಊರು ನೆರೆದಿತ್ತು. ಪಟೇಲರೂ ಬಂದಿದ್ದರು. ಅವರು ಎದುರಾಳಿ ಪಕ್ಷದವರು. ಜೊತೆಗೆ ಅಣ್ಣನ ಹೆಂಡತಿಗೆ ಸೋದರಮಾವ. ಹಾಗಾಗಿ ವಿರೋಧವನ್ನೂ ಉಪಚಾರವನ್ನೂ ಒಟ್ಟಿಗೇ ಮಾಡುತ್ತಿದ್ದರು. ಅಣ್ಣ ಹಾರವನ್ನು ಎಂದಿನಂತೆ ಕೈಯಲ್ಲೇ ತಡೆದು ಕಟ್ಟೆಯ ಅಂಚಿಗೆ ಕೂತರು. ಪಟೇಲರು ಮಜ್ಜಿಗೆ ತರಿಸಿದರು.

“ಬಿಸ್ಲಲ್ಲಿ ಬಂದಿದ್ದೀರಿ. ತಕಳಿ ಅಳಿಮಯ್ಯ.”

“ಮೊದ್ಲು ಕೇರಿ ನೀರು ಬರ್ಲಿ ಮಾವ,” ಎಂದರು ಅಣ್ಣ.

ಅಕ್ಕನನ್ನು ಕರೆಯಲು ಯಾರೋ ಓಡಿದರು. ಅವರಿಗೆ ಮೊದಲೇ ಹೇಳಿರಲಿಲ್ಲ. ಇದನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಕೇರಿಗೆ ಬರಬೇಡಿ ಎಂದಿದ್ದರು, ಬರಲಿಲ್ಲ. ಆದರೆ ಊರಿನ ನಟ್ಟನಡುವೆ ಅವರನ್ನೇ ಕರೆಸಿ ನಿಲ್ಲಿಸಿದ್ದೆವು. ಯಾರಿಗೂ ನೋವಾಗದ ದಾರಿ ಎಂದು ಹುಡುಕಿದ್ದು ಅದು.

ಅವರು ಬಂದರು. ಕೈಯಲ್ಲಿ ಹಿತ್ತಾಳೆ ಚೊಂಬು, ಸೆರಗು ಹಣೆವರೆಗೆ. ಕಟ್ಟೆಯಿಂದ ಒಂದಷ್ಟು ದೂರದಲ್ಲಿ ನಿಂತರು. ಅಣ್ಣ ಎದ್ದು ಅವರಿದ್ದಲ್ಲಿಗೇ ಹೋಗಿ ಚೊಂಬು ತೆಗೆದುಕೊಂಡು ಎತ್ತಿ ಕುಡಿದರು. ಊರಿಗೆ ಮುನಿಸು ಬಂತೋ ಇಲ್ಲವೋ ಎಂದು ತಿಳಿಯುವ ಮೊದಲೇ ಪಟೇಲರು ಎದ್ದು ಬಂದು ಬೊಗಸೆ ಒಡ್ಡಿದರು.

“ನಂಗೂ ಒಂಚೂರು ಬುಡವ್ವ. ಕೇರಿ ನೀರಿಗೆ ಓಟು ಬೀಳೋದಾದ್ರೆ ನಮ್ಮ ಪಾರ್ಟಿಗೂ ಇರ್ಲಿ.”

ಅಣ್ಣನ ಕೈಯಿಂದ ಚೊಂಬು ಅಕ್ಕನ ಕೈಗೆ ಹೋಯಿತು. ಅಕ್ಕ ಬೊಗಸೆಗೆ ಹೊಯ್ದರು. ಪಟೇಲರು ಕುಡಿದು, ಮೀಸೆ ಒರೆಸಿಕೊಂಡು, “ತಣ್ಣಗೈತೆ,” ಎಂದರು. ಊರಿಗೆ ಊರೇ ನಕ್ಕಿತು. ಅಕ್ಕನ ಜೊತೆ ಕೇರಿಯಿಂದ ಬಂದು ಹಿಂದೆ ನಿಂತಿದ್ದ ಹೆಂಗಸರೂ ನಕ್ಕರು. ನಾಲ್ಕು ವರ್ಷ ನಾವು ಕಾದು ಕಾದು ಕಟ್ಟಿದ್ದ ಒಂದು ವಿಷಯವನ್ನು ಒಬ್ಬ ಮನುಷ್ಯ ಒಂದು ಬೊಗಸೆಯಲ್ಲಿ ನಗೆಯಾಗಿಸಿದ. ಅಥವಾ, ಅದೇ ಊರಿನ ಪಟೇಲರು ಕೇರಿಯ ನೀರನ್ನು ಎಲ್ಲರೆದುರು ಕುಡಿದರು. ಇದು ಸೋಲೋ ಗೆಲುವೋ? ಯಾವ ಚೀಟಿ ಎತ್ತಿದರೂ ನಾನು ವಾದಿಸಬಲ್ಲೆ.

ಆಗ ಮೈದುನ ಗುಂಪಿನ ಅಂಚಿನಿಂದ ಮಾತಾಡಿದ. ಕೂಗಲಿಲ್ಲ.

“ನಾವು ಕರ್ದಿದ್ದು ಮನೆಗೆ ಅಣ್ಣ. ನೀರಿಗಲ್ಲ.”

ಅವನು ತಿರುಗಿ ನಡೆದ. ಹುಡುಗರು ಹಿಂದೆಯೇ ಹೋದರು.

ಅಣ್ಣ ಭಾಷಣ ಮುಗಿಸಿ ಕೇರಿಗೆ ಹೋದರು ಎಂಬುದು ಯಾರ ಕತೆಯಲ್ಲೂ ಬರುವುದಿಲ್ಲ. ಹೋದರು, ನಾನೂ ಜೊತೆಗಿದ್ದೆ. ಕೆಲವು ಬಾಗಿಲು ಮುಚ್ಚಿದ್ದವು. ಹೊಸ ಸುಣ್ಣ ಅಣ್ಣನ ಜುಬ್ಬಕ್ಕೆ ಮೆತ್ತಿಕೊಂಡಿತು. ಅಕ್ಕ ಆಗಲೇ ಹೊಲಕ್ಕೆ ಹೋಗಿಬಿಟ್ಟಿದ್ದರು. ಅವರ ಅತ್ತೆ, ಕಣ್ಣು ಕಾಣದ ಮುದುಕಿ, ಯಾರು ಬಂದಿದ್ದು ಎಂದು ಕೇಳಿ, ಎಂದಿನಂತೆ ನೀರು ಕೊಟ್ಟರು. ಎಂದಿನ ಜಗಲಿಯಲ್ಲಿ ಕೂತು ಕುಡಿದೆವು. ಆ ಎರಡನೆಯ ನೀರಿಗೆ ಲೆಕ್ಕವಿಲ್ಲ.

ಅಣ್ಣ ಸೋತರು. ಹೀನಾಯವಾಗಿ ಅಲ್ಲ, ಕೂದಲೆಳೆಯಲ್ಲೂ ಅಲ್ಲ. ಆಗ ಮತಪತ್ರಗಳ ಕಾಲ. ಎಲ್ಲ ಬೂತುಗಳ ಚೀಟಿಗಳನ್ನು ಬೆರೆಸಿ ಎಣಿಸುತ್ತಿದ್ದರು, ಆ ಊರಲ್ಲಿ ಯಾರಿಗೆಷ್ಟು ಬಂತೆಂದು ತಿಳಿಯುವ ದಾರಿಯೇ ಇರಲಿಲ್ಲ. ಊರು ಮುನಿಯಿತೋ, ಕೇರಿಯ ಹುಡುಗರು ಬೂತಿಗೆ ಬರಲಿಲ್ಲವೋ, ಇಬ್ಬರೂ ಅಣ್ಣನಿಗೇ ಹಾಕಿದರೂ ಅವರು ಬೇರೆ ಊರುಗಳಲ್ಲಿ ಸೋತರೋ, ಯಾರೂ ಹೇಳಲಾರರು. ನೀರಿನಿಂದ ಸೋತರು ಎನ್ನುವವರಿಗೆ ನಾನು ಇದನ್ನು ವಿವರಿಸುತ್ತೇನೆ. ಅವರು ತಲೆಯಾಡಿಸಿ, “ಅದೇ ಕಣ್ರೀ, ಆ ನೀರು,” ಎನ್ನುತ್ತಾರೆ.

ಆಮೇಲಿನದು ಬೇಗ ಹೇಳಿ ಮುಗಿಸಬಹುದು. ಮೈದುನ ಒಂದಷ್ಟು ಹುಡುಗರ ಜೊತೆ ಬೇರೆ ಸಂಘ ಕಟ್ಟಿದ, ಅದು ಚುನಾವಣೆಗೆ ನಿಲ್ಲುವುದಿಲ್ಲ. ಅಣ್ಣ ಮೂರು ನಾಲ್ಕು ವರ್ಷ ನೋಡಿ ಒಂದು ದೊಡ್ಡ ಪಕ್ಷಕ್ಕೆ ಸೇರಿದರು. ಒಳಗಿದ್ದು ಮಾಡಬೇಕಾದ್ದು ಬಹಳ ಇದೆ ಎನ್ನುತ್ತಾರೆ, ಒಂದಿಷ್ಟು ಮಾಡಿಯೂ ಇದ್ದಾರೆ. ಈಗ ಹಾರ ಹಾಕಿಸಿಕೊಳ್ಳುತ್ತಾರೆ. ಬೇಡ ಎಂದರೆ ತಂದವರಿಗೆ ಬೇಜಾರಾಗುತ್ತದೆ ಎಂಬುದು ಅವರ ಕಾರಣ. ನಾನು ಕಾನೂನು ಓದಿ ಹಾಸನದ ಕೋರ್ಟಿಗೆ ಸೇರಿದೆ. ಅಲ್ಲಿಯೂ ಚೀಟಿಯೇ, ಕಕ್ಷಿದಾರರು ತರುತ್ತಾರೆ ಅಷ್ಟೆ.

ಅಕ್ಕನಿಗೆ ಹೊಲ ಸಿಕ್ಕಿತು. ನಮ್ಮನ್ನು ಸೋಲಿಸಿದ ಶಾಸಕರ ಸಮಿತಿಯೇ ಹಕ್ಕುಪತ್ರ ಕೊಟ್ಟಿತು. ಪಟೇಲರ ತಮ್ಮನ ಮಗ ತನ್ನ ಅರ್ಜಿ ವಾಪಸು ತೆಗೆದುಕೊಂಡಿದ್ದ. ಕೇಳಿದಾಗ ನನಗೆ ಸಂತೋಷವಾಯಿತು, ಅದರ ಬೆನ್ನಿಗೇ ಎಲ್ಲಿಯೋ ಏನೋ ತಪ್ಪಿದೆ ಅನ್ನಿಸಿತು. ನಮ್ಮ ಲೆಕ್ಕದ ಪ್ರಕಾರ ಅಣ್ಣ ಸೋತರೆ ಹೊಲ ಹೋಗಬೇಕಿತ್ತು. ಅಕ್ಕನ ನೀರು ಕುಡಿದ ಮೇಲೆ ಅವರ ಹೊಲಕ್ಕೆ ಕೈ ಹಾಕಲು ಪಟೇಲರಿಗೆ ಮನಸ್ಸು ಬರಲಿಲ್ಲ ಎಂದು ಊರಿನವರು ಚಂದದ ಕಾರಣ ಕೊಟ್ಟರು. ನಾನು ಅದನ್ನು ನಂಬಲು ತಯಾರಾಗಿದ್ದೆ.

ಹೋದ ವರ್ಷ ಪಟೇಲರು ಯಾವುದೋ ದಾವೆಗೆಂದು ಕೋರ್ಟಿಗೆ ಬಂದಿದ್ದರು. ಜಗಲಿಯ ಬೆಂಚಿನಲ್ಲಿ ಕೂತು ಕರೆದು ಮಾತಾಡಿಸಿದರು. ಎಲೆ ಅಡಿಕೆ ಹಾಕಿಕೊಳ್ಳುತ್ತಾ ಆ ಚುನಾವಣೆಯ, ಅಕ್ಕನ ಮಾತು ತೆಗೆದರು.

“ಅವ್ಳು ಎಲೆಕ್ಷನ್‌ಗೆ ಮುಂಚೇನೆ ನಮ್ಮ ಇತ್ಲಿಗೆ ಬಂದಿದ್ಲು ಕಣವ್ವ. ನಮ್ಮ ಉಡುಗನ ಅರ್ಜಿ ತಗಸಿ, ಅಣ್ಣನ ಜೀಪು ಕೇರಿಗೆ ಬರದಂಗೆ ನಾನು ನೋಡ್ಕತೀನಿ, ಕೇರಿ ಓಟು ಒಡೀತದೆ ಅಂದ್ಲು. ನಾನೇನು ಕೇಳಿರ್ನಿಲ್ಲ.”

ಹೇಳಿ, ನನ್ನ ಮುಖ ನೋಡಿ, ನಕ್ಕರು. ಅವರು ನಗುವುದಕ್ಕೆಂದೇ ಹೇಳಿರಬಹುದು. ಅವತ್ತಿನ ಬೊಗಸೆಯೂ ಇವತ್ತಿನ ಮಾತೂ ಒಂದೇ ಕೈಯವು. ಸೋತವರ ಕೊನೆಯ ಆಸರೆಯನ್ನೂ ಕೆಡಿಸುವುದು ಅವರಿಗೆ ಅಭ್ಯಾಸ. ಒಬ್ಬರೇ ಸಾಕ್ಷಿ, ಅವರೂ ಎದುರು ಕಡೆಯವರು. ಕೋರ್ಟಿನಲ್ಲಾದರೆ ನಾನು ಈ ಹೇಳಿಕೆಯನ್ನು ಎರಡು ನಿಮಿಷದಲ್ಲಿ ಬೀಳಿಸುತ್ತಿದ್ದೆ. ಆದರೆ ಹಾಸನದ ಕೋಣೆಗೆ ಅಕ್ಕ ಒಬ್ಬರೇ ಬಂದಿದ್ದು, ಮೈದುನನಿಗೆ ತಿಳಿಸಬೇಡಿ ಎಂದಿದ್ದು ನನಗೆ ಗೊತ್ತು. ಅದು ಎರಡೂ ಕತೆಗಳಿಗೆ ಹೊಂದುತ್ತದೆ. ಪಟೇಲರ ಹಿತ್ತಲಿಗೆ ಹೋಗಿದ್ದರೂ ಅದರಲ್ಲಿ ಅನ್ಯಾಯ ಏನಿದೆ ಎಂದು ಕೇಳಿಕೊಂಡೆ. ನಾವು ಗೆದ್ದರೂ ಹೊಲ, ಅವರು ಗೆದ್ದರೂ ಹೊಲ. ಅಷ್ಟು ಚೆನ್ನಾಗಿ ಎರಡೂ ಕಡೆ ವಾದಿಸಿದವರನ್ನು ನಾನು ಹೇಗೆ ಬೈಯಲಿ? ಆದರೂ ಬೇಜಾರು ಹೋಗಲಿಲ್ಲ. ಬೇಜಾರು ಅವರ ಮೇಲೋ, ನಮ್ಮ ನಿಯಮದ ಮೇಲೋ, ಅಣ್ಣನ ಮೇಲೋ ಎಂದೂ ಗೊತ್ತಾಗಲಿಲ್ಲ.

ಹೋದ ಭಾನುವಾರ ಆ ಊರಿಗೆ ಹೋದೆ. ಅಕ್ಕ ಹೊಲದಲ್ಲಿದ್ದರು. ರಾಗಿ ತೆನೆ ಬಲಿತಿತ್ತು, ಅಂಚಿನ ಅವರೆ ಹೂವಿನಲ್ಲಿತ್ತು. ನನ್ನನ್ನು ದೂರದಿಂದಲೇ ಗುರುತಿಸಿ, ಅಯ್ನೋರ ಮಗಳು ಈಗ ಲಾಯ್ರವ್ವ ಆಗವ್ಳೆ ಎಂದು ಪಕ್ಕದ ಹೊಲದವರಿಗೆ ಕೂಗಿ ಹೇಳಿದರು. ಕೈ ಹಿಡಿದು ಹೊಲದ ನಾಲ್ಕೂ ಮೂಲೆಗೆ ಕರೆದುಕೊಂಡು ಹೋಗಿ ಕಲ್ಲು ನೆಟ್ಟಿದ್ದನ್ನು ತೋರಿಸಿದರು. ಅಣ್ಣ ಹೇಗಿದ್ದಾರೆ ಎಂದು ಕೇಳಿದರು. ಈಗಲೂ ಅವರಿಗೇ ಓಟು ಹಾಕುತ್ತೇನೆ, ಯಾವ ಗುರುತಿನಲ್ಲಿ ನಿಂತರೂ ಹಾಕುತ್ತೇನೆ ಎಂದರು. ಆ ‘ಈಗಲೂ’ ಎಂಬುದರಲ್ಲಿ ಅವತ್ತಿನದೂ ಸೇರಿದೆಯೇ ಎಂದು ನಾನು ಅವರ ಮುಖ ನೋಡಿದೆ. ಅವರು ಬಾಗಿ ಒಂದು ಕಳೆ ಕಿತ್ತು ಬದುವಿನಾಚೆ ಎಸೆದರು.

ಆಮೇಲೆ ಬದುವಿನ ಮೇಲೆ ಕೂತೆವು. ಕೇಳಬಾರದು ಎಂದುಕೊಂಡೇ ಹೋಗಿದ್ದೆ, ಕೇಳಿದೆ.

“ಅಕ್ಕ, ಅವತ್ತು ನೀವು ಹಾಸನಕ್ಕೆ ಬಂದು ಕೇರಿಗೆ ಬರಬೇಡಿ ಅಂದಿರಲ್ಲ, ಅದು ಅಣ್ಣ ಗೆಲ್ಲಲಿ ಅಂತ ಹೇಳಿದ್ದಾ, ಇಲ್ಲ, ಪಟೇಲರಿಗೆ ಕೊಟ್ಟ ಮಾತು ಉಳಿಸ್ಕೊಳ್ಳೋದಕ್ಕಾ?”